ಹತ್ತು ದಿನ ಬದುಕಿದ ಕೂಸು, ವೈದ್ಯೆಯಾದ ತಾಯಿ: ಡಾ. ಆನಂದಿಬಾಯಿ ಜೋಶಿ

ಫೆಬ್ರವರಿ 26 ಡಾ. ಆನಂದಿಬಾಯಿ ಜೋಶಿಯವರ ಪುಣ್ಯತಿಥಿ. 1887ರ ಆ ದಿನ ಪುಣೆಯಲ್ಲಿ ಅವರು ಕಣ್ಣು ಮುಚ್ಚಿದಾಗ 22 ವರ್ಷ ತುಂಬಲು ಇನ್ನೂ ಒಂದು ತಿಂಗಳು ಉಳಿದಿತ್ತು. ಪಾಶ್ಚಾತ್ಯ ವೈದ್ಯಪದವಿ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವರ ಹೆಸರಿದೆ. ಆ ಪದವಿಯ ಹಿಂದೆ ಹತ್ತೇ ದಿನ ಬದುಕಿದ್ದ ಒಂದು ಕೂಸಿನ ನೆನಪಿತ್ತು. ಸಾಂಗ್ಲಿ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವ ನಾವು ಆ ಕೂಸನ್ನು ಮರೆಯುವಂತಿಲ್ಲ.

ಆನಂದಿಬಾಯಿಯವರು 1865ರ ಮಾರ್ಚ್ 31ರಂದು ಕಲ್ಯಾಣದಲ್ಲಿ ಹುಟ್ಟಿದರು. ತವರಿನ ಹೆಸರು ಯಮುನಾ. ಒಂಬತ್ತನೆಯ ವಯಸ್ಸಿನಲ್ಲಿ ಅಂಚೆ ಇಲಾಖೆಯ ನೌಕರರಾಗಿದ್ದ ವಿಧುರ ಗೋಪಾಳರಾವ್ ಜೋಶಿಯವರೊಡನೆ ವಿವಾಹವಾಯಿತು. ಪತಿ ಅವರಿಗಿಂತ ಸುಮಾರು 20 ವರ್ಷ ಹಿರಿಯರು. ಹೆಂಡತಿ ಓದಲೇಬೇಕೆಂಬುದು ಅವರ ಹಟ. ಆ ಹಟದಲ್ಲಿ ಗದರಿಕೆಯೂ ಇತ್ತು, ಹೊಡೆತವೂ ಇತ್ತು. ಆ ಕಾಲದ ಮನೆಗಳಲ್ಲಿ ಓದುವ ಸೊಸೆ ಬೈಗುಳಕ್ಕೆ ಗುರಿಯಾಗುತ್ತಿದ್ದರೆ, ಈ ಮನೆಯಲ್ಲಿ ಓದದಿದ್ದುದಕ್ಕೇ ಶಿಕ್ಷೆಯಾಗುತ್ತಿತ್ತು.

ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಬಾಯಿ ಗಂಡುಮಗುವಿಗೆ ಜನ್ಮವಿತ್ತರು. ತಕ್ಕ ವೈದ್ಯೋಪಚಾರ ದೊರೆಯದೆ ಆ ಕೂಸು ಹತ್ತನೆಯ ದಿನ ತೀರಿಕೊಂಡಿತು. ಗಂಡಸು ವೈದ್ಯನೆದುರು ಹೆಣ್ಣು ತನ್ನ ಬೇನೆಯನ್ನು ಹೇಳಿಕೊಳ್ಳಲು ನಾಚುತ್ತಿದ್ದ ಕಾಲವದು; ಹೆಣ್ಣು ವೈದ್ಯೆಯರಂತೂ ತೀರ ವಿರಳ. ತಾನೇ ವೈದ್ಯೆಯಾಗಬೇಕೆಂಬ ಸಂಕಲ್ಪ ಆ ದುಃಖದಲ್ಲಿ ಮೊಳೆಯಿತು.

ಮೈ ಪೂರ್ತಿ ಬಲಿಯದ ಬಾಲೆ ತಾಯಿಯಾದರೆ ಕೂಸಿಗೆ ಮುಖ್ಯವಾಗಿ ಎರಡು ಗಂಡಾಂತರಗಳು: ದಿನ ತುಂಬುವ ಮೊದಲೇ ಹುಟ್ಟುವುದು ಮತ್ತು ತೂಕ ಕಡಿಮೆಯಾಗುವುದು. 37 ವಾರ ಪೂರ್ಣಗೊಳ್ಳುವ ಮುನ್ನ ಆಗುವ ಹೆರಿಗೆಯನ್ನು ಅವಧಿಪೂರ್ವ ಜನನವೆನ್ನುತ್ತಾರೆ. ಅಂಥ ಕೂಸಿನ ಚರ್ಮದಡಿ ಕೊಬ್ಬು ತೆಳು, ಆದ್ದರಿಂದ ಮೈ ಬೇಗ ತಣ್ಣಗಾಗುತ್ತದೆ. ಶ್ವಾಸಕೋಶ ಬಲಿತಿರುವುದಿಲ್ಲ, ಹಾಲು ಚೀಪುವ ಶಕ್ತಿ ಸಾಲದು, ಸೋಂಕು ಸುಲಭವಾಗಿ ತಗಲುತ್ತದೆ. ಆನಂದಿಬಾಯಿಯವರು ಮಗುವನ್ನು ಕಳೆದುಕೊಂಡ ಕೆಲವೇ ವರ್ಷಗಳಲ್ಲಿ, 1881ರ ಸುಮಾರಿಗೆ, ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಯಲ್ಲಿ ಸ್ತೆಫಾನ್ ತಾರ್ನಿಯೇ ಎಂಬ ವೈದ್ಯರು ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅದೇ ಬಗೆಯ ಬೆಚ್ಚನೆಯ ಪೆಟ್ಟಿಗೆಯಲ್ಲಿ ಎಳೆಗೂಸುಗಳನ್ನಿಟ್ಟು ಉಳಿಸತೊಡಗಿದ್ದರು. ಆ ಅರಿವು ನಮ್ಮ ನಾಡಿನ ಬಾಣಂತಿಕೋಣೆಗೆ ತಲುಪಲು ಬಹುಕಾಲ ಬೇಕಾಯಿತು.

ಗೋಪಾಳರಾಯರ ವರ್ಗಾವಣೆಯೊಡನೆ ಆನಂದಿಬಾಯಿ ಕೊಲ್ಹಾಪುರದಲ್ಲೂ ಮುಂದೆ ಕಲಕತ್ತೆ, ಶ್ರೀರಾಂಪುರಗಳಲ್ಲೂ ಬಾಳಿದರು. ಪುಸ್ತಕ ಹಿಡಿದು ಬೀದಿಯಲ್ಲಿ ನಡೆದ ಹೆಣ್ಣನ್ನು ಜನ ಹೀಯಾಳಿಸಿದರು. 1883ರ ಫೆಬ್ರವರಿಯಲ್ಲಿ ಶ್ರೀರಾಂಪುರ ಕಾಲೇಜಿನ ಸಭಾಂಗಣದಲ್ಲಿ ನಿಂತು, ತಾವು ಅಮೆರಿಕಕ್ಕೆ ಏಕೆ ಹೋಗುತ್ತಿರುವರೆಂಬುದನ್ನು ನೆರೆದವರಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಹಿಂದೂ ಸ್ತ್ರೀಯರಿಗೆ ಸ್ತ್ರೀ ವೈದ್ಯರು ಬೇಕೆಂಬುದು ಅವರ ವಾದದ ತಿರುಳು. ಏಪ್ರಿಲ್‌ನಲ್ಲಿ ಕಲಕತ್ತೆಯಿಂದ ಹಡಗು ಹತ್ತಿ ಜೂನ್‌ನಲ್ಲಿ ನ್ಯೂಯಾರ್ಕ್ ಸೇರಿದರು. ಆಗ ಅವರಿಗೆ ಹದಿನೆಂಟು ವರ್ಷ; ಪತಿ ಜೊತೆಗಿರಲಿಲ್ಲ. ನ್ಯೂಜೆರ್ಸಿಯ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಅವರನ್ನು ಮನೆಮಗಳಂತೆ ಆದರಿಸಿದರು.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದಿಬಾಯಿ ವ್ಯಾಸಂಗ ಮಾಡಿದರು. ಚಳಿ, ಒಗ್ಗದ ಆಹಾರ, ಕ್ಷೀಣಿಸುತ್ತಿದ್ದ ಆರೋಗ್ಯಗಳ ನಡುವೆ ಅವರು ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಆರ್ಯ ಹಿಂದೂಗಳಲ್ಲಿ ಪ್ರಸೂತಿಶಾಸ್ತ್ರ. ತನ್ನ ಕೂಸನ್ನು ನುಂಗಿದ ಅಜ್ಞಾನದ ಮೂಲಕ್ಕೇ ಅವರು ಕೈಹಾಕಿದ್ದರೆಂದು ನಾವು ತಿಳಿಯುತ್ತೇವೆ. 1886ರ ಮಾರ್ಚ್ 11ರಂದು ಪದವಿ ಪಡೆದರು. ಆ ಸಮಾರಂಭಕ್ಕೆ ಬಂಧುವಾದ ಪಂಡಿತಾ ರಮಾಬಾಯಿಯವರೂ ಬಂದಿದ್ದರು.

ಕೊಲ್ಹಾಪುರ ಸಂಸ್ಥಾನವು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗಕ್ಕೆ ಅವರನ್ನು ವೈದ್ಯಾಧಿಕಾರಿಯಾಗಿ ನೇಮಿಸಿತು. ಆದರೆ 1886ರ ಕೊನೆಯಲ್ಲಿ ಸ್ವದೇಶಕ್ಕೆ ಮರಳುವಾಗಲೇ ಕ್ಷಯರೋಗ ಅವರನ್ನು ಹಣ್ಣು ಮಾಡಿತ್ತು. ನಮ್ಮ ನೆರೆಯ ಆ ಆಸ್ಪತ್ರೆಯ ಬಾಗಿಲಲ್ಲಿ ಕಾಯಬೇಕಿದ್ದ ತಾಯಂದಿರು ಅವರನ್ನು ಕಾಣಲಿಲ್ಲ. ಅವರ ಚಿತಾಭಸ್ಮ ಅಮೆರಿಕದ ಕಾರ್ಪೆಂಟರ್ ಅವರನ್ನು ತಲುಪಿ, ಅಲ್ಲಿನ ಪೊಕೀಪ್ಸಿಯ ಸ್ಮಶಾನದಲ್ಲಿ ನೆಲೆಗೊಂಡಿತು. ಅವರು ಗತಿಸಿ ನಾಲ್ಕು ವರ್ಷಗಳಾದ ಮೇಲೆ, 1891ರಲ್ಲಿ, ಹೆಣ್ಣುಮಕ್ಕಳ ಸಮ್ಮತಿ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಕಾನೂನು ಬಂತು. 1894ರಲ್ಲಿ ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರ ಆಸ್ಪತ್ರೆ ತೆರೆಯಿತು. ಇಂದು ಅಥಣಿ, ಚಿಕ್ಕೋಡಿ, ರಾಯಬಾಗಗಳ ಜನವೂ ಮಿರಜದ ದವಾಖಾನೆಗಳಿಗೆ ಬರುತ್ತಾರೆ.

ಈಗ ಹೆಣ್ಣಿನ ಮದುವೆಯ ವಯಸ್ಸು ಕಾನೂನಿನಂತೆ 18. ಆದರೂ ಜತ್ತ ತಾಲೂಕಿನ ಉಮದಿ, ಸಂಖಗಳ ಕಡೆಯ ಬರದ ಸೀಮೆಯಿಂದ ಕುಟುಂಬಗಳು ಕಬ್ಬು ಕಡಿಯಲು ಹೊರಟಾಗ, ಬೆಳೆದ ಮಗಳನ್ನು ಯಾರ ಬಳಿ ಬಿಡುವುದೆಂಬ ಚಿಂತೆಯಲ್ಲಿ ಲಗ್ನ ಮುಗಿಸಿಬಿಡುವುದುಂಟು. ನಮ್ಮ ಶಿಷ್ಯೆಯೊಬ್ಬಳು ಹೀಗೆಯೇ ಹತ್ತನೆಯ ತರಗತಿ ಬಿಟ್ಟು ಹೋಗಿ, ಮುಂದಿನ ವರ್ಷ ಎಂಟು ತಿಂಗಳಿಗೇ ಹೆತ್ತಳು. ಏಳು ತಿಂಗಳ ಕೂಸು ಉಳಿದೀತು, ಎಂಟರದು ಉಳಿಯದು ಎಂದು ಹಿರಿಯರು ಕೈಬಿಟ್ಟಿದ್ದರು. ಈ ನಂಬಿಕೆ ತಪ್ಪು. ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಕೂಸಿಗೆ ಬಲ ಕೊಡುತ್ತದೆ. ದವಾಖಾನೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಸೂಚನೆಗಳ ಚೀಟಿ ಮರಾಠಿಯಲ್ಲಿತ್ತು. ಕನ್ನಡದಲ್ಲಿ ಕಲಿತ ಆ ಬಾಲೆಯ ತಾಯಿ ಅದನ್ನು ಓದಿ ಹೇಳಿರೆಂದು ನಮ್ಮ ಶಾಲೆಗೆ ತಂದಳು.

ನಾವು ಓದಿ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇವೆ. ಕೂಸಿನ ತಲೆಗೆ ಟೊಪ್ಪಿಗೆ ಹಾಕಿ, ಬರಿ ಮೈಯನ್ನು ತಾಯಿಯ ಬರಿ ಎದೆಗೆ ತಾಗಿಸಿ ಬಟ್ಟೆಯಿಂದ ಕಟ್ಟಿಕೊಳ್ಳಬೇಕು. ಕಾಂಗರೂ ಆರೈಕೆಯೆಂಬ ಈ ಪದ್ಧತಿ, ಪೆಟ್ಟಿಗೆಗಳು ಸಾಲದ ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಆರಂಭವಾಯಿತು. ದಿನಕ್ಕೆ 8ರಿಂದ 24 ಗಂಟೆ ಹೀಗಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿ ದಣಿದರೆ ತಂದೆಯೂ ಅಜ್ಜಿಯೂ ಎದೆಗೊಡಬಹುದು. ತಾಯಿಹಾಲೊಂದೇ ಆಹಾರ, ಚೀಪಲಾರದ ಕೂಸಿಗೆ ಹಾಲನ್ನು ಹಿಂಡಿ ಚಮಚದಿಂದ ಕುಡಿಸಬೇಕು. ಜೇನು, ಸಕ್ಕರೆನೀರು, ಗುಟ್ಟಿ ಬೇಡ. ವೈದ್ಯರು ಹೇಳುವವರೆಗೆ ಎರೆಯುವುದು ಬೇಡ, ಅಗ್ಗಿಷ್ಟಿಕೆಯ ಹೊಗೆಯೂ ಬೇಡ. ಮುಟ್ಟುವ ಮುನ್ನ ಕೈ ತೊಳೆಯಬೇಕು. ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಸೇದಿದರೆ, ಅಂಗೈ ಅಂಗಾಲು ಹಳದಿಯಾದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು. 34 ವಾರಕ್ಕೆ ಮುಂಚೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಕಣ್ಣುಗಳನ್ನು 30 ದಿನದೊಳಗೆ ತಪಾಸಿಸಬೇಕು.

ಆ ಕೂಸು ಈಗ ನಡೆದಾಡುತ್ತಿದೆ. ಹಾಗೆಂದು ನಾವು ಸಮಾಧಾನದಿಂದಿರಲಾರೆವು. 2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಕೂಸುಗಳು ದಿನ ತುಂಬದೆ ಹುಟ್ಟಿದವು. ಅತಿ ಹೆಚ್ಚು ನಮ್ಮ ದೇಶದಲ್ಲಿಯೇ. ರಕ್ತದೊತ್ತಡ, ಸೋಂಕು, ಅವಳಿ ಗರ್ಭ, ತಂಬಾಕಿನ ಮಶೇರಿ, ಎಳೆಯ ವಯಸ್ಸಿನ ಬಸಿರು, ಇವೆಲ್ಲ ಕಾರಣಗಳ ಸಾಲಿನಲ್ಲಿವೆ. ಕೆಲವನ್ನು ವೈದ್ಯರು ನೋಡಿಕೊಳ್ಳಬೇಕು. ಎಳೆಯ ವಯಸ್ಸಿನ ಮದುವೆಯನ್ನು ತಂದೆತಾಯಿಗಳೂ ಶಿಕ್ಷಕರಾದ ನಾವೂ ತಡೆಯಬಲ್ಲೆವು. ಅಂಥ ಲಗ್ನದ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಿರಿ. ಮರಾಠಿ ನಮ್ಮ ನೆರೆಯ ನುಡಿ, ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಕೂಸಿನ ಪ್ರಾಣದ ಮಾತು ತಾಯಿಗೆ ತಿಳಿಯುವ ನುಡಿಯಲ್ಲಿರಬೇಕು. ಗಡಿಭಾಗದ ದವಾಖಾನೆಗಳಲ್ಲಿ ಕನ್ನಡದ ಚೀಟಿಯೂ ದೊರೆಯಬೇಕು. ಹೆಣ್ಣಿನ ನೋವನ್ನು ಅರಿಯುವವರು ಅವಳ ಬಳಿ ಇರಬೇಕೆಂದು ಆನಂದಿಬಾಯಿ ಸಮುದ್ರ ದಾಟಿದರು. ನಾವು ದಾಟಬೇಕಾದದ್ದು ಶಾಲೆಯಿಂದ ಆ ಮನೆಯ ಹೊಸ್ತಿಲವರೆಗಿನ ದಾರಿ ಮಾತ್ರ.