ರಹೀಂ ಸಾಹೇಬರ ಶ್ರೇಷ್ಠ ವರ್ಷ ಯಾವುದು?

ಒಂದೇ ಋತುವಿನಲ್ಲಿ ಒಬ್ಬ ತರಬೇತುದಾರ ತನ್ನ ತಂಡದಿಂದ ಎಷ್ಟು ಸಾಧನೆ ಮಾಡಿಸಬಲ್ಲ? ಫುಟ್ಬಾಲ್ ಪ್ರಿಯರು ನಾಲ್ಕು ಮಂದಿ ಸೇರಿದಲ್ಲೆಲ್ಲ ಏಳುವ ಚರ್ಚೆ ಇದು. ಭಾರತದ ಮಟ್ಟಿಗೆ ಹೇಳುವುದಾದರೆ ಹೆಸರಿನ ಬಗ್ಗೆ ಹೆಚ್ಚು ತಕರಾರಿಲ್ಲ. ಅದು ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ ಅವರದು. ತಕರಾರು ಇರುವುದು ವರ್ಷದ ಬಗ್ಗೆ. ಕೆಲವರು 1950 ಎನ್ನುತ್ತಾರೆ, ಕೆಲವರು 1956, ಉಳಿದವರು 1962. ಈ ಮೂರು ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ರಹೀಂ ಸಾಹೇಬರ ಬದುಕಿನ ಕಥೆಯೇ ತೆರೆದುಕೊಳ್ಳುತ್ತದೆ.

ಶಾಲಾ ಮಾಸ್ತರರು

ರಹೀಂ ಅವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರಾದ ಅವರು ಕಾಚಿಗುಡ, ಚಾದರ್‌ಘಾಟ್ ಮೊದಲಾದ ಕಡೆ ಶಾಲಾ ಮಾಸ್ತರರಾಗಿ ದುಡಿದರು. ಸ್ವತಃ ಆಟಗಾರರೂ ಆಗಿದ್ದರು. 1943ರಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿ ಹುದ್ದೆ ವಹಿಸಿಕೊಂಡ ಬಳಿಕ ಅವರ ಮಾಸ್ತರಿಕೆ ಮೈದಾನಕ್ಕೂ ಹರಡಿತು.

ಹುಡುಗರಿಗಾಗಿ ಅವರು ವಿಚಿತ್ರವೆನಿಸುವ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಚೆಂಡನ್ನು ಒಬ್ಬನೇ ಕಾಲಲ್ಲಿಟ್ಟುಕೊಂಡು ಓಡುವಂತಿಲ್ಲ, ಸಿಕ್ಕ ಕೂಡಲೇ ಜತೆಗಾರನಿಗೆ ಪಾಸ್ ಮಾಡಬೇಕು. ಇನ್ನೊಂದರಲ್ಲಿ ದುರ್ಬಲವಾದ ಕಾಲಿನಿಂದಲೇ ಒದೆಯಬೇಕು. ಬಲಗಾಲಿನ ಆಟಗಾರ ಎಡಗಾಲನ್ನು ಪಳಗಿಸಲೇಬೇಕಾಗುತ್ತಿತ್ತು. ಸಿಕಂದರಾಬಾದಿನ ಅಮ್ಮುಗುಡದ ಬಡ ಹುಡುಗ ತುಳಸೀದಾಸ್ ಬಲರಾಂ ಅವರನ್ನು ಗುರುತಿಸಿ, ಅಭ್ಯಾಸಕ್ಕೆ ಬರಲು ಸೈಕಲ್ ಬಾಡಿಗೆಯ ಹಣವನ್ನೂ ಹೊಂದಿಸಿಕೊಟ್ಟವರು ರಹೀಂ. ಆ ಹುಡುಗ ಮುಂದೆ ಭಾರತದ ಅಪ್ರತಿಮ ಫಾರ್ವರ್ಡ್ ಆಟಗಾರರಲ್ಲಿ ಒಬ್ಬರಾದರು.

ಮುಂಬಯಿ ಕಂಡ 1950

ಮೊದಲ ವಾದ 1950ರದು. ಆ ವರ್ಷ ರಹೀಂ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೊಣೆ ಹೊತ್ತರು. ಅದೇ ಋತುವಿನಲ್ಲಿ ತಂಡ ಡುರಾಂಡ್ ಕಪ್ ಮತ್ತು ರೋವರ್ಸ್ ಕಪ್ ಎರಡನ್ನೂ ಗೆದ್ದಿತು. ರೋವರ್ಸ್ ಕಪ್ ಎಂದರೆ ಮುಂಬಯಿಯ ಕಪ್, ಕೂಪರೇಜ್ ಮೈದಾನದ ಹೆಮ್ಮೆ. 1891ರಲ್ಲಿ ಆರಂಭವಾದ ಈ ಪಂದ್ಯಾವಳಿಯನ್ನು ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದವು. ಆ ಸರಪಳಿಯನ್ನು 1937ರಲ್ಲಿ ಮೊದಲು ಕಡಿದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಅದೇ ಕಪ್ಪನ್ನು ರಹೀಂ ಅವರ ಪೊಲೀಸ್ ತಂಡ 1950ರಿಂದ 1954ರ ವರೆಗೆ ಸತತ ಐದು ಬಾರಿ ಗೆದ್ದುಕೊಂಡಿತು. ಕೊಲ್ಕತ್ತಾದ ದೊಡ್ಡ ಕ್ಲಬ್ಬುಗಳೂ ಹೈದರಾಬಾದಿನ ಆಟಗಾರರಿಗಾಗಿ ಹುಡುಕಾಡತೊಡಗಿದವು. ಆದರೂ ಇದು ದೇಶದೊಳಗಿನ ಗೆಲುವು. ಹೊರಗಿನ ಅಳತೆಗೋಲು ಬೇರೆಯೇ ಇತ್ತು.

ಹತ್ತು ಗೋಲುಗಳ ಪಾಠ

1951ರಲ್ಲಿ ದಿಲ್ಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಗೇಮ್ಸ್‌ನಲ್ಲಿ ರಹೀಂ ಅವರ ಭಾರತ ತಂಡ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಮಣಿಸಿ ಚಿನ್ನ ಗೆದ್ದಿತು. ಆದರೆ ಮರುವರ್ಷದ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯದ ಎದುರು 1-10ರ ಹೀನಾಯ ಸೋಲು ಕಾದಿತ್ತು. ಭಾರತದ ಆ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮ ಹಲವು ಆಟಗಾರರು ಬರಿಗಾಲಿನಲ್ಲಿ ಆಡಿದ್ದರು. ಆ ಬಳಿಕ ಬೂಟು ಕಡ್ಡಾಯವಾಯಿತು. ಬೂಟಿನ ಜತೆ ಆಟದ ವಿನ್ಯಾಸವೂ ಬದಲಾಗಬೇಕೆಂದು ರಹೀಂ ಮನಗಂಡರು.

ನಾಲ್ಕು ವರ್ಷಗಳಲ್ಲಿ ಫಲ ಸಿಕ್ಕಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲಪಿತು. ಏಷ್ಯದ ಯಾವ ದೇಶವೂ ಅದುವರೆಗೆ ಅಷ್ಟು ದೂರ ಸಾಗಿರಲಿಲ್ಲ. ಮುಂಬಯಿಯ ಮೈದಾನಗಳಲ್ಲಿ ಬೆಳೆದ ನೆವಿಲ್ ಡಿಸೋಜ ಹ್ಯಾಟ್ರಿಕ್ ಗಳಿಸಿದರು. ತಂಡದ ನಡುಭಾಗದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಸೆಮಿಫೈನಲ್‌ನಲ್ಲಿ ಅದೇ ಯುಗೋಸ್ಲಾವಿಯದ ವಿರುದ್ಧ ಮೊದಲ ಗೋಲು ಹೊಡೆದದ್ದೂ ಭಾರತವೇ. ಕೊನೆಗೆ 1-4ರಿಂದ ಸೋತು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಕ್ಕೆ 0-3ರಿಂದ ಶರಣಾಗಿ ನಾಲ್ಕನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು.

ಭಾರತೀಯ ಫುಟ್ಬಾಲ್ ಏರಿದ ಅತಿ ಎತ್ತರದ ಮೆಟ್ಟಿಲು ಇದೇ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಒಂದನ್ನು ಮುಚ್ಚಿಡಲಾಗದು. ಮೊದಲ ಸುತ್ತಿನ ಎದುರಾಳಿ ಹಂಗೇರಿ ಹಿಂದೆ ಸರಿದಿದ್ದರಿಂದ ಭಾರತ ಆಡದೆಯೇ ಮುಂದೆ ಸಾಗಿತ್ತು. ಮೈದಾನದಲ್ಲಿ ಗೆದ್ದದ್ದು ಒಂದೇ ಪಂದ್ಯ.

ಜಕಾರ್ತಾದ ಹತ್ತು ದಿನಗಳು

ಇನ್ನು 1962. ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಹೊರಟಾಗ ರಹೀಂ ಅವರ ಶ್ವಾಸಕೋಶವನ್ನು ಕ್ಯಾನ್ಸರ್ ಕೊರೆಯುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಎದುರು 0-2ರ ಸೋಲು. ಕೊರಿಯ ಆಗಿನ ಏಷ್ಯನ್ ಕಪ್ ಚಾಂಪಿಯನ್. ಬಳಿಕ ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ರಿಂದ ಸೋಲಿಸಿದರೂ ರಕ್ಷಣಾ ಕೋಟೆಯ ಆಧಾರಸ್ತಂಭ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದ್ದರು.

ಇಲ್ಲಿ ರಹೀಂ ಅವರು ಯಾರೂ ಎಣಿಸದ ಹೆಜ್ಜೆ ಇಟ್ಟರು. ಗಾಯಾಳು ಜರ್ನೈಲ್ ಅವರನ್ನು ಹಿಂದಿನ ಸಾಲಿನಿಂದ ಎತ್ತಿ ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್‌ನಲ್ಲಿ ಜರ್ನೈಲ್ ಗೋಲು ಹೊಡೆದರು, ನಾಯಕ ಚುನಿ ಗೋಸ್ವಾಮಿ ಎರಡು ಗಳಿಸಿದರು. ಭಾರತ 3-2ರಿಂದ ಗೆದ್ದಿತು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಮತ್ತೆ ಕೊರಿಯ. ಇಸ್ರೇಲ್ ಮತ್ತು ತೈವಾನನ್ನು ಕ್ರೀಡಾಕೂಟದಿಂದ ಹೊರಗಿಟ್ಟುದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಜಕಾರ್ತಾದ ಜನ ಕೆರಳಿದ್ದರು. ಕಿಕ್ಕಿರಿದ ಸೆನಾಯನ್ ಕ್ರೀಡಾಂಗಣ ಭಾರತದ ವಿರುದ್ಧ ಬೊಬ್ಬೆ ಹಾಕುತ್ತಿತ್ತು. ಚೇತರಿಸಿಕೊಂಡ ತಂಗರಾಜ್‌ಗೆ ಗೋಲು ಕಾಯುವ ಹೊಣೆ ಬಿತ್ತು. ಮೊದಲ 20 ನಿಮಿಷಗಳಲ್ಲೇ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಒಂದೊಂದು ಗೋಲು ಹೊಡೆದರು. ಕೊರಿಯ ಕೊನೆಯ ಹಂತದಲ್ಲಿ ಒಂದನ್ನು ಮರಳಿಸಿತಾದರೂ 2-1ರಿಂದ ಚಿನ್ನ ಭಾರತದ್ದಾಯಿತು. ಆ ತಂಡದ ಬಳಗದಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು.

ಈ ವಾದಕ್ಕೂ ಆಕ್ಷೇಪ ಉಂಟು. ಕಣದಲ್ಲಿದ್ದದ್ದು ಎಂಟೇ ತಂಡಗಳು. 1954 ಮತ್ತು 1958ರ ಚಿನ್ನ ಗೆದ್ದ ತೈವಾನ್ ಆ ಕಣದಲ್ಲಿರಲಿಲ್ಲ. ಮೆಲ್ಬರ್ನ್‌ನಲ್ಲಿ ಎದುರಾದ ಯುರೋಪಿನ ತಂಡಗಳ ಮಟ್ಟ ಇಲ್ಲಿರಲಿಲ್ಲ. ಇದೆಲ್ಲ ನಿಜ.

ಆದರೂ ತರಬೇತುದಾರನ ಕೈಚಳಕವನ್ನೇ ಅಳೆಯುವುದಾದರೆ ತಕ್ಕಡಿ 1962ರ ಕಡೆಗೇ ವಾಲುತ್ತದೆ. 1950ರಲ್ಲಿ ಅವರ ಕೈಯಲ್ಲಿ ಗಟ್ಟಿ ತಂಡವಿತ್ತು, 1956ರಲ್ಲಿ ಅದೃಷ್ಟವೂ ತುಸು ಜತೆಗಿತ್ತು. 1962ರಲ್ಲಿ ಸೋಲು, ಗಾಯ, ಜ್ವರ, ಜನರ ಸಿಟ್ಟು ಎಲ್ಲವೂ ಎದುರಿಗಿದ್ದವು. ತಮ್ಮನ್ನು ಸೋಲಿಸಿದ ತಂಡವನ್ನೇ ಹತ್ತು ದಿನಗಳೊಳಗೆ ಸೋಲಿಸುವ ದಾರಿಯನ್ನು ಗುರು ಹುಡುಕಿಕೊಡಬೇಕಾಗಿತ್ತು, ಕೊಟ್ಟರು. ಅಂದು ಗೆದ್ದ ಬಲರಾಂ ಅದೇ ಬಾಡಿಗೆ ಸೈಕಲ್ಲಿನ ಹುಡುಗ ಎಂಬುದನ್ನು ಮರೆಯುವಂತಿಲ್ಲ. ಒಂದು ಋತುವಿನ ಫಸಲಿಗೆ ಬೀಜ ಬಿತ್ತಿದ್ದು ಎಷ್ಟೋ ವರ್ಷಗಳ ಹಿಂದೆ.

ಗುರುವಿಲ್ಲದ ಮೈದಾನ

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು ರಹೀಂ ಸಾಹೇಬರು ತಮ್ಮ 53ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು. ತರಬೇತುದಾರರಿಗೆ ನೀಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದೇ 1985ರಲ್ಲಿ. ಅವರ ಬದುಕನ್ನು ಆಧರಿಸಿದ ಹಿಂದಿ ಚಿತ್ರ 'ಮೈದಾನ್' ತೆರೆಕಂಡದ್ದು 2024ರಲ್ಲಿ. ತಂದೆಯ ದಾರಿಯಲ್ಲೇ ಸಾಗಿ 1960ರ ಒಲಿಂಪಿಕ್ ತಂಡದಲ್ಲಿದ್ದ, ಮುಂದೆ ಅಂತಾರಾಷ್ಟ್ರೀಯ ರೆಫ್ರಿಯಾದ ಪುತ್ರ ಸಯ್ಯದ್ ಶಾಹಿದ್ ಹಕೀಂ 2021ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯಲ್ಲಿ ಕೊನೆಯುಸಿರೆಳೆದರು.

1970ರ ಬ್ಯಾಂಕಾಕ್ ಕ್ರೀಡಾಕೂಟದ ಕಂಚಿನ ಬಳಿಕ 2023ರ ಹಾಂಗ್‌ಝೌ ಕೂಟದ ತನಕ ಏಷ್ಯನ್ ಗೇಮ್ಸ್ ಫುಟ್ಬಾಲ್‌ನಲ್ಲಿ ಭಾರತಕ್ಕೆ ಪದಕ ಸಿಕ್ಕಿಲ್ಲ. ಸಂಘ ಸಂಸ್ಥೆಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಗೆದ್ದ ಹುಡುಗರಿಗೆ ಹಾರ, ಟ್ರೋಫಿ ಸಿಗುತ್ತವೆ. ವರ್ಷವಿಡೀ ಮೈದಾನದಲ್ಲಿ ನಿಂತು ಅವರ ಎಡಗಾಲನ್ನು ಪಳಗಿಸುವವರನ್ನು ಕೇಳುವವರು ಕಡಿಮೆ. ರಹೀಂ ಸಾಹೇಬರನ್ನು ನೆನೆಯುವ ಹೊತ್ತಿಗೆ ಅಂಥ ಒಬ್ಬ ಮಾಸ್ತರರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರೂ ಆ ಸ್ಮರಣೆ ಸಾರ್ಥಕ.