ಶಂಕರ್ ನಾಗ್ ಮತ್ತು ಮಲೆನಾಡಿನ ಮಾಲ್ಗುಡಿ

ಚಲನಚಿತ್ರವನ್ನು ನೋಡುವವರಲ್ಲಿ ಎರಡು ಬಗೆಯವರುಂಟು. ಕಥೆಯ ಪ್ರವಾಹದಲ್ಲಿ ತೇಲಿಹೋಗುವವರು ಮೊದಲನೆಯವರು; ದಡದಲ್ಲಿ ಕುಳಿತು, ಹರಿಯುವ ನೀರಿನಲ್ಲಿ ಕಸಕಡ್ಡಿಯನ್ನು ಎಣಿಸುವವರು ಎರಡನೆಯವರು. ನಾಯಕನ ಕೈಯಲ್ಲಿದ್ದ ಲೋಟ ಮರುಕ್ಷಣದಲ್ಲಿ ಏಕೆ ತುಂಬಿತು, ಬಲಗೆನ್ನೆಯ ಗಾಯ ಎಡಗೆನ್ನೆಗೆ ಹೇಗೆ ಹಾರಿತು ಎಂದು ಇವರು ಕೇಳುತ್ತಾರೆ. ಹಿಚ್‌ಕಾಕ್ ಮಹಾಶಯರ 1959ರ ಪ್ರಸಿದ್ಧ ಚಿತ್ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ, ಉಪಾಹಾರಗೃಹದೊಳಗೆ ಪಿಸ್ತೂಲು ಸಿಡಿಯುವ ಮೊದಲೇ ಹಿನ್ನೆಲೆಯ ಬಾಲಕನೊಬ್ಬನು ಕಿವಿ ಮುಚ್ಚಿಕೊಳ್ಳುತ್ತಾನೆ. ಚಿತ್ರೀಕರಣವು ಮರಳಿ ಮರಳಿ ನಡೆದು, ಸದ್ದು ಯಾವಾಗ ಬರುವುದೆಂಬುದು ಪಾಪ ಆ ಹುಡುಗನಿಗೆ ತಿಳಿದುಹೋಗಿರಬೇಕು! ಇಂಥ ಲೋಪಗಳನ್ನು ಹುಡುಕುವುದು ಕೆಲವರಿಗೆ ವಿನೋದ, ಕೆಲವರಿಗೆ ವ್ಯಸನ. ಆದರೆ ಈ ವಿನೋದದ ಹಿಂದೆ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ಕಲೆಯಲ್ಲಿ ಯಾವ ತಪ್ಪು ತಪ್ಪು? ಯಾವುದು ಕೇವಲ ವ್ಯತ್ಯಾಸ? ಈ ಪ್ರಶ್ನೆಯನ್ನು ಕನ್ನಡ ನಾಡಿನ ಮಟ್ಟಿಗೆ ಪರಿಶೀಲಿಸಬೇಕಾದರೆ, ಶಿವಮೊಗ್ಗದ ಮಲೆಸೀಮೆಯಲ್ಲಿ ಊರೊಂದನ್ನೇ ಕಲ್ಪಿಸಿ ನಿಲ್ಲಿಸಿದ ದಿವಂಗತ ಶಂಕರ್ ನಾಗ್ ಅವರ ಜೀವನವನ್ನು ನೋಡುವುದು ಉಚಿತ.

ಶಂಕರ್ ನಾಗ್ ಅವರು ಜನಿಸಿದುದು 1954ನೆಯ ಇಸವಿ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಸೀಮೆಯಲ್ಲಿ. ಮನೆತನದ ಹೆಸರು ನಾಗರಕಟ್ಟೆ. ಅವರಿಗಿಂತ ಆರು ವರ್ಷ ಹಿರಿಯರಾದ ಅನಂತ್ ನಾಗ್ ಅವರೂ ಮುಂದೆ ಅಭಿನಯದಲ್ಲಿ ಹೆಸರಾದರು. ತಮ್ಮನು ವಿದ್ಯಾಭ್ಯಾಸದ ತರುವಾಯ ಮುಂಬಯಿಯನ್ನು ಸೇರಿ, ಬ್ಯಾಂಕಿನ ನೌಕರಿಯೊಂದಿಗೆ ಮರಾಠಿ ರಂಗಭೂಮಿಯ ನಂಟನ್ನು ಬೆಳೆಸಿಕೊಂಡರು. ಲೆಕ್ಕದ ಪುಸ್ತಕಕ್ಕೂ ನಾಟಕದ ರಂಗಕ್ಕೂ ಏನು ಸಂಬಂಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಹಿಂದಿನ ಪುಟದ ಮೊತ್ತ ಮುಂದಿನ ಪುಟದಲ್ಲಿ ತಪ್ಪದೆ ಕಾಣಿಸಿಕೊಳ್ಳಬೇಕೆಂಬ ನಿಯಮವು ಎರಡಕ್ಕೂ ಒಂದೇ. ಅವರ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯವಾದದ್ದೂ ಆ ನಾಟಕದ ಬಳಗದಲ್ಲಿಯೇ.

1979ರ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಚಿತ್ರಕಥೆಯಲ್ಲಿ ಅವರ ಪಾಲಿತ್ತು. ಪುಣೆಯಲ್ಲಿ ಪ್ಲೇಗಿನ ಹಾವಳಿಯ ಕಾಲದಲ್ಲಿ ಚಾಪೇಕರ್ ಸಹೋದರರು ರ‍್ಯಾಂಡ್ ಎಂಬ ಆಂಗ್ಲ ಅಧಿಕಾರಿಯನ್ನು ಹತ್ಯೆಗೈದ ಪ್ರಸಂಗವೇ ಅದರ ವಸ್ತು. ಶೀರ್ಷಿಕೆಯಲ್ಲಿಯೇ ದಿನ, ತಿಂಗಳು, ವರ್ಷಗಳನ್ನು ಹೊತ್ತ ಚಿತ್ರದಲ್ಲಿ ಒಂದು ಗುಂಡಿ, ಒಂದು ದೀಪ, ಒಂದು ಗಾಡಿಯ ಚಕ್ರ ಕಾಲಕ್ಕೆ ಒಪ್ಪದಿದ್ದರೂ ಕಣ್ಣಿಗೆ ಕಿಸುರಾಗುತ್ತದೆ. ಗತಕಾಲವನ್ನು ತೆರೆಯ ಮೇಲೆ ತರುವುದರ ಕಷ್ಟವನ್ನು ತರುಣ ಶಂಕರರು ಬಹಳ ಬೇಗ ಅರಿತುಕೊಂಡರು.

ಕನ್ನಡದ ಪ್ರೇಕ್ಷಕರು ಅವರನ್ನು ಕಂಡುದು 1978ರಲ್ಲಿ, ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ. ಕೂಲಿಗಾಗಿ ಕತ್ತಿ ಹಿಡಿಯುವ ಯೋಧ ಗಂಡುಗಲಿಯ ಆ ಪಾತ್ರಕ್ಕೆ ಮರುವರ್ಷದ ಭಾರತ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಮನ್ನಣೆ ದೊರೆಯಿತು. ಅಲ್ಲಿಂದ ಮುಂದೆ ಹನ್ನೆರಡು ವರ್ಷಗಳಲ್ಲಿ ಅವರು ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. 1980ರ ‘ಆಟೋರಾಜ’ ಅವರನ್ನು ನಾಡಿನ ಆಟೋ ಚಾಲಕರ ಮನೆಮಗನನ್ನಾಗಿ ಮಾಡಿತು; ಇಂದಿಗೂ ಅವರ ಭಾವಚಿತ್ರ ಅನೇಕ ಆಟೋಗಳ ಬೆನ್ನಿನ ಮೇಲೆ ಊರೂರು ಸುತ್ತುತ್ತಿದೆ.

ನಟನ ಕೀರ್ತಿಯಲ್ಲಿ ನಿರ್ದೇಶಕನ ಶ್ರಮ ಮರೆಯಾಗಬಾರದು. ಅದೇ 1980ರಲ್ಲಿ ‘ಮಿಂಚಿನ ಓಟ’ವನ್ನು ನಿರ್ದೇಶಿಸಿ ರಾಜ್ಯ ಪ್ರಶಸ್ತಿಗಳನ್ನು ಪಡೆದರು. 1981ರಲ್ಲಿ ‘ಗೀತಾ’ ಬಂದಿತು. ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಬಡವರ ಮೇಲೆ ಸಿರಿವಂತನ ಮಗನ ಕಾರು ಹರಿಯುವ ‘ಆಕ್ಸಿಡೆಂಟ್’, ಸಾಮಾಜಿಕ ಸಮಸ್ಯೆಯನ್ನು ಕುರಿತ ಚಿತ್ರಕ್ಕೆ ಮೀಸಲಾದ ರಾಷ್ಟ್ರಪ್ರಶಸ್ತಿಯನ್ನು ಗಳಿಸಿತು. ಸ್ಟೈನ್‌ಬೆಕ್ಕರ ಕಿರುಕಾದಂಬರಿಯನ್ನು ಆಧರಿಸಿ, ಡಾ. ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿ 1987ರಲ್ಲಿ ‘ಒಂದು ಮುತ್ತಿನ ಕಥೆ’ಯನ್ನು ತೆಗೆದಾಗ ಅವರ ಕ್ಯಾಮೆರಾ ಸಮುದ್ರದ ನೀರಿನೊಳಗೂ ಇಳಿಯಿತು. ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಮಂದಿರವನ್ನು ಸ್ಥಾಪಿಸಿ, ಕನ್ನಡ ಚಿತ್ರಗಳು ಧ್ವನಿಗಾಗಿ ಮದರಾಸಿನ ಹಾದಿ ಕಾಯುವ ಕಷ್ಟವನ್ನು ಕಡಿಮೆ ಮಾಡಿದುದೂ ಅವರ ಸಾಧನೆಗಳಲ್ಲೊಂದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಚಲನಚಿತ್ರವು ನಾವು ನೋಡುವ ಕ್ರಮದಲ್ಲಿ ತಯಾರಾಗುವುದಿಲ್ಲ. ಕಥೆಯ ಕೊನೆಯ ದೃಶ್ಯವನ್ನು ಮೊದಲ ದಿನವೇ ತೆಗೆಯಬಹುದು. ಬಾಗಿಲ ಹೊರಗಿನ ಹೆಜ್ಜೆ ಒಂದು ಊರಿನಲ್ಲಿ, ಒಳಗಿನ ಹೆಜ್ಜೆ ಇನ್ನೊಂದು ಊರಿನಲ್ಲಿ ಬೀಳಬಹುದು. ನಡುವೆ ವಾರಗಳು ಸರಿದುಹೋಗಿರುತ್ತವೆ. ಕೂದಲು ಬೆಳೆದಿರುತ್ತದೆ, ಬಿಸಿಲು ಓರೆಯಾಗಿರುತ್ತದೆ. ಈ ಚೂರುಗಳನ್ನು ಜೋಡಿಸಿದಾಗ ಬೆಸುಗೆ ಕಾಣಬಾರದು. ಅಂಗಿಯ ಯಾವ ಗುಂಡಿ ಬಿಚ್ಚಿತ್ತು, ಹಣತೆಯಲ್ಲಿ ಎಣ್ಣೆ ಎಷ್ಟಿತ್ತು ಎಂಬುದನ್ನು ಬರೆದಿಡುವುದಕ್ಕೆಂದೇ ಒಬ್ಬ ಸಹಾಯಕನಿರುತ್ತಾನೆ. ಈ ಕೆಲಸಕ್ಕೆ ಚಿತ್ರರಂಗದವರು ಕಂಟಿನ್ಯುಯಿಟಿ ಎನ್ನುತ್ತಾರೆ, ನಾವು ಸಾತತ್ಯವೆನ್ನಬಹುದು. ಸಾತತ್ಯವನ್ನು ಕಾಯ್ದುದಕ್ಕೆ ಯಾರೂ ಹೊಗಳುವುದಿಲ್ಲ. ತಪ್ಪಿದಾಗ ಮಾತ್ರ ಎಲ್ಲರೂ ಬೆರಳು ತೋರಿಸುತ್ತಾರೆ.

ಶಂಕರರ ಬಾಳಿನಲ್ಲಿ ಈ ಸಾತತ್ಯದ ಮಹಾಪರೀಕ್ಷೆ ಒದಗಿದ್ದು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ನಿರ್ಮಾಣದಲ್ಲಿ. ಆರ್. ಕೆ. ನಾರಾಯಣರ ಮಾಲ್ಗುಡಿ 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಹುಟ್ಟಿದ ಊರು. ಅಲ್ಲಿ ಸರಯೂ ನದಿಯುಂಟು, ಮೆಂಪಿ ಬೆಟ್ಟಗಳುಂಟು, ಆಲ್ಬರ್ಟ್ ಮಿಷನ್ ಶಾಲೆಯುಂಟು; ಭೂಪಟದಲ್ಲಿ ಮಾತ್ರ ಆ ಊರಿಲ್ಲ. ಮೈಸೂರಿನಲ್ಲಿ ನೆಲಸಿದ್ದ ಈ ಲೇಖಕರಿಗೆ ಸಿನಿಮಾದವರ ಕೈಯಲ್ಲಿ ಒಮ್ಮೆ ಕಹಿ ಅನುಭವವಾಗಿತ್ತು. ಅವರ ‘ಗೈಡ್’ ಕಾದಂಬರಿಯನ್ನು 1965ರಲ್ಲಿ ಹಿಂದಿಯಲ್ಲಿ ತೆರೆಗೆ ತಂದಾಗ, ಕಥೆಯು ದಕ್ಷಿಣದ ಪುಟ್ಟ ಊರನ್ನು ಬಿಟ್ಟು ರಾಜಸ್ಥಾನದ ಅರಮನೆಗಳ ನಡುವೆ ಹೋಗಿ ಕುಳಿತಿತು. ಚಿತ್ರ ಜನಪ್ರಿಯವಾಯಿತು, ಆದರೆ ತಮ್ಮ ಊರು ಕಳೆದುಹೋದುದನ್ನು ನಾರಾಯಣರು ಲೇಖನವೊಂದರಲ್ಲಿ ವ್ಯಂಗ್ಯವಾಗಿ ತೋಡಿಕೊಂಡರು. ಪಿಸ್ತೂಲಿನ ಸದ್ದಿಗೆ ಮೊದಲು ಕಿವಿ ಮುಚ್ಚಿದ ಹುಡುಗನದು ಸಣ್ಣ ಲೋಪ. ಊರಿಗೆ ಊರೇ ಸ್ಥಳ ಬದಲಿಸುವುದು ಬೇರೆಯೇ ತರಹದ ಮಾತು.

ಇಂಥ ಲೇಖಕರ ಊರನ್ನು ಕಟ್ಟುವ ಹೊಣೆಯನ್ನು ಶಂಕರರು ಹೊತ್ತರು. ಟಿ. ಎಸ್. ನರಸಿಂಹನ್ ಅವರು ನಿರ್ಮಾಪಕರು; ಎಲ್. ವೈದ್ಯನಾಥನ್ ಅವರ ಸಂಗೀತ. ನಾರಾಯಣರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು. ಸ್ಥಳವನ್ನು ಆರಿಸುವಾಗ ನಿರ್ದೇಶಕರ ದೃಷ್ಟಿ ಬಿದ್ದುದು ಶಿವಮೊಗ್ಗ ಜಿಲ್ಲೆಯ ಆಗುಂಬೆಯ ಮೇಲೆ. ಅಲ್ಲಿನ ದೊಡ್ಡಮನೆಯ ಜಗಲಿ, ಕಂಬ, ಅಂಗಳಗಳು ಸ್ವಾಮಿಯ ಲೋಕವಾದುವು. ಆಗುಂಬೆಗೆ ರೈಲುಮಾರ್ಗವಿಲ್ಲ, ಮಾಲ್ಗುಡಿಗಾದರೋ ರೈಲುನಿಲ್ದಾಣವಿಲ್ಲದೆ ಗತಿಯಿಲ್ಲ. ಗೆಳೆಯ ರಾಜಂ ಊರು ಬಿಟ್ಟು ಹೋಗುವಾಗ ಸ್ವಾಮಿ ಪುಸ್ತಕವನ್ನು ಕೈಯಲ್ಲಿ ಹಿಡಿದು ಬಂದು ನಿಲ್ಲುವುದು ನಿಲ್ದಾಣದಲ್ಲಿಯೇ ಅಲ್ಲವೇ? ಆ ನಿಲ್ದಾಣ ದೊರೆತದ್ದು ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಮಾರ್ಗದ ಅರಸಾಳಿನಲ್ಲಿ. ಹೀಗೆ ಮಾಲ್ಗುಡಿಯ ಬೀದಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮಾಲ್ಗುಡಿಯ ರೈಲು ಹೊಸನಗರ ತಾಲ್ಲೂಕಿನಲ್ಲಿ. ನಡುವಿನ ಕಾಡು ಕಣಿವೆಗಳೆಲ್ಲ ಸಂಕಲನಕಾರನ ಕತ್ತರಿಯಲ್ಲಿ ಮಾಯ!

1986ರಲ್ಲಿ ದೂರದರ್ಶನದಲ್ಲಿ ಧಾರಾವಾಹಿ ಆರಂಭವಾದಾಗ ದೇಶವೇ ಅದಕ್ಕೆ ಮನಸೋತಿತು. ಆದರೆ ದೆಹಲಿಯ ಪ್ರೇಕ್ಷಕರಿಗಿಲ್ಲದ ಸುಖವೊಂದು ಶಿವಮೊಗ್ಗ, ಭದ್ರಾವತಿಗಳ ಪ್ರೇಕ್ಷಕರಿಗಿತ್ತು. ಬೀರೂರಿನಿಂದ ಭದ್ರಾವತಿಯ ಮೇಲೆ ಹಾದು ಶಿವಮೊಗ್ಗೆಗೆ, ಮುಂದೆ ಅರಸಾಳು, ಸಾಗರಗಳಿಗೆ ಹೋಗುವ ರೈಲು ಅವರ ನಿತ್ಯದ ರೈಲು. ಪರಿಚಿತ ನೆಲವನ್ನು ಅಪರಿಚಿತ ಹೆಸರಿನಲ್ಲಿ ಕಂಡಾಗ ಗುರುತಿಸುವ ಹುರುಪು ಹುಟ್ಟುವುದು ಸಹಜ. ಗುರುತಿಸುವ ಕಣ್ಣಿಗೆ ತಪ್ಪು ಹುಡುಕುವುದೂ ಸಹಜ.

ಹಾಗೆ ಹುಡುಕುವವರಿಗೆ ಮಾಲ್ಗುಡಿಯಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ನಾರಾಯಣರದು ಬಯಲುಸೀಮೆಯ ಬಿಸಿಲಿನ ಊರು. ಶಂಕರರದು ಇಳಿಜಾರು ಹೆಂಚಿನ ಮಲೆನಾಡು. ಕಾದಂಬರಿಯಲ್ಲಿ 1930ರ ಆಗಸ್ಟ್ 15ರಂದು ಎರಡು ಸಾವಿರದಷ್ಟು ಜನರು ಸರಯೂ ನದಿಯ ದಂಡೆಯಲ್ಲಿ ಸಭೆ ಸೇರುತ್ತಾರೆ. ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯಲ್ಲಿ ಆ ತಿಂಗಳಿನಲ್ಲಿ ಹೊಳೆಯ ದಂಡೆಗೆ ಸಭೆ ಕರೆದರೆ, ಭಾಷಣಕಾರನ ಕಂಠಕ್ಕಿಂತ ಮಳೆಯ ಕಂಠವೇ ದೊಡ್ಡದಾದೀತು. ಆ ದಿನಾಂಕವಂತೂ ತಪ್ಪು ಹುಡುಕುವವರಿಗೆ ಒಡ್ಡಿದ ಬಲೆ. ಸ್ವಾತಂತ್ರ್ಯದ ದಿನವನ್ನು ಲೇಖಕರು ಎಡವಿ ಹಿಂದಕ್ಕೆ ತಂದರೆಂದು ಅವಸರದ ಓದುಗ ಬಗೆಯಬಹುದು. ಆದರೆ ಪುಸ್ತಕ ಅಚ್ಚಾದುದೇ ಸ್ವಾತಂತ್ರ್ಯಕ್ಕೆ ಹನ್ನೆರಡು ವರ್ಷ ಮೊದಲು; ಅದು ಕಾಲದ ಆಕಸ್ಮಿಕವೇ ಹೊರತು ಲೋಪವಲ್ಲ. ಅಂತೆಯೇ ಈ ಊರಿನ ಆಸುಪಾಸಿನಲ್ಲಿ ಕಬ್ಬಿಣದ ಕಾರ್ಖಾನೆಯ ಚಿಮಣಿಯೊಂದು ಇದೆಯೆಂದು ಯಾರಾದರೂ ಕಲ್ಪಿಸಿದರೆ, ಅದು ಕಾಲಕ್ಕೆ ಸಲ್ಲದೆಂದು ತಳ್ಳುವಂತಿಲ್ಲ. ಭದ್ರಾವತಿಯ ಕಾರ್ಖಾನೆ 1923ರಲ್ಲಿಯೇ ಕಬ್ಬಿಣವನ್ನು ಕರಗಿಸತೊಡಗಿತ್ತು. ತಪ್ಪನ್ನು ಹುಡುಕುವವನಿಗೆ ತಪ್ಪಿನಷ್ಟೇ ಸರಿಯ ಜ್ಞಾನವೂ ಬೇಕೆಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಇನ್ನು ಮುಖಗಳ ಮಾತು. ಸ್ವಾಮಿಯಾದ ಮಾಸ್ಟರ್ ಮಂಜುನಾಥ್, ತಂದೆಯಾದ ಗಿರೀಶ ಕಾರ್ನಾಡ್, ತಾಯಿಯಾದ ವೈಶಾಲಿ ಕಾಸರವಳ್ಳಿ ಇವರನ್ನು ಜನ ಮರೆತಿಲ್ಲ. ಗಂಡುಗಲಿಯನ್ನು ತೆರೆಗೆ ತಂದ ನಿರ್ದೇಶಕರು ಎಂಟು ವರ್ಷಗಳ ತರುವಾಯ ಅದೇ ಗಂಡುಗಲಿಯ ನಿರ್ದೇಶನದಲ್ಲಿ ಕೋಟು ತೊಟ್ಟು ಮಗನನ್ನು ಗದರಿಸುವ ತಂದೆಯಾದುದು ಸ್ವಾರಸ್ಯವಾದ ಸಂಗತಿ. ಅನಂತ್ ನಾಗ್ ಅವರು ಸಿಹಿತಿಂಡಿಯ ವ್ಯಾಪಾರಿ ಜಗನ್ ಆಗಿಯೂ ಬರುತ್ತಾರೆ, ಬೇರೆ ಕಥೆಯಲ್ಲಿ ಬೇರೆಯವರಾಗಿಯೂ ಬರುತ್ತಾರೆ. ಒಂದೇ ಊರಿನಲ್ಲಿ ಒಂದೇ ಮುಖದ ಇಬ್ಬರು ಹೇಗೆ ಎಂದು ಕಟ್ಟುನಿಟ್ಟಿನ ಪರೀಕ್ಷಕನು ಆಕ್ಷೇಪಿಸಬಹುದು. ಆದರೆ ಯಕ್ಷಗಾನದ ಒಂದೇ ರಾತ್ರಿಯಲ್ಲಿ ಒಬ್ಬನೇ ಕಲಾವಿದ ಎರಡು ವೇಷಗಳಲ್ಲಿ ಬಂದರೆ ನಮ್ಮ ಜನ ಎದ್ದು ಹೋದುದುಂಟೇ? ನಾಟಕದ ಮಂಡಳಿಯಲ್ಲಿ ಬೆಳೆದ ಶಂಕರರು ಧಾರಾವಾಹಿಯನ್ನೂ ಮೇಳದಂತೆಯೇ ನಡೆಸಿದರು.

ಹಾಗಾದರೆ ‘ಗೈಡ್’ ಚಿತ್ರದ ಸ್ಥಳಾಂತರ ತಪ್ಪಾದರೆ, ಆಗುಂಬೆಯ ಸ್ಥಳಾಂತರ ಹೇಗೆ ಸರಿ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ನಮಗೆ ತೋರುವ ಸಮಾಧಾನವಿಷ್ಟು. ಮಾಲ್ಗುಡಿಯ ಜೀವಾಳ ಅದರ ಹವೆಯಲ್ಲಿಲ್ಲ, ಅದರ ಅಳತೆಯಲ್ಲಿದೆ. ಎಲ್ಲರಿಗೂ ಎಲ್ಲರ ಗುಟ್ಟು ತಿಳಿದಿರುವ, ಮೇಷ್ಟರ ಬೆತ್ತಕ್ಕೂ ಅಜ್ಜಿಯ ಮಡಿಲಿಗೂ ನಡುವೆ ಒಂದೇ ಬೀದಿಯ ಅಂತರವಿರುವ ಸಣ್ಣ ಊರು ಅದು. ಅರಮನೆಗಳ ವೈಭವ ಆ ಅಳತೆಯನ್ನು ಮುರಿಯಿತು. ಆಗುಂಬೆಯ ಜಗಲಿ ಅದನ್ನು ಉಳಿಸಿತು. ಒಂದು ಕಂತಿನಲ್ಲಿ ಕಂಡ ಕಂಬ ಇನ್ನೊಂದು ಕಂತಿನಲ್ಲಿಯೂ ಅಲ್ಲಿಯೇ ನಿಂತಿತ್ತು. ಪುಸ್ತಕದ ಊರಿನೊಡನೆ ಅಕ್ಷರಶಃ ಕೂಡದಿದ್ದರೂ ತನ್ನೊಡನೆ ತಾನು ಕೂಡಿಕೊಂಡಿದ್ದ ಊರು ಅದು. ಸಣ್ಣ ಲೋಪಗಳನ್ನು ಗಮನಿಸುವ ಪ್ರೇಕ್ಷಕನು ಬೇಡುವುದೂ ಕೊನೆಗೆ ಇದನ್ನೇ: ತನ್ನ ನಂಬಿಕೆಯನ್ನು ನಿರ್ದೇಶಕನು ಹಗುರವಾಗಿ ಕಾಣಬಾರದು.

ಶಂಕರರ ಬದುಕಿನ ಓಟ ಮಾತ್ರ ನಡುವೆಯೇ ಕಡಿಯಿತು. 1990ನೆಯ ಇಸವಿ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕೆಂದು ಪತ್ನಿ ಮತ್ತು ಪುಟ್ಟ ಮಗಳೊಡನೆ ಕಾರಿನಲ್ಲಿ ಹೊರಟಿದ್ದ ಅವರು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಗಿ ಮೃತಪಟ್ಟರು. ವಯಸ್ಸು ಇನ್ನೂ ಮೂವತ್ತಾರು ತುಂಬಿರಲಿಲ್ಲ. ರಸ್ತೆಯ ಅಪಘಾತವನ್ನೇ ವಸ್ತುವಾಗಿಸಿ ಚಿತ್ರ ತೆಗೆದವರು ರಸ್ತೆಯಲ್ಲಿಯೇ ತೀರಿಕೊಂಡರು. ಕಥೆಯಲ್ಲಿ ಹೀಗೆ ಬರೆದಿದ್ದರೆ ವಿಮರ್ಶಕರು ಒಪ್ಪುತ್ತಿರಲಿಲ್ಲ. ಅವರು ಅಭಿನಯಿಸಿದ್ದ ಕೆಲವು ಚಿತ್ರಗಳು ಮರಣಾನಂತರವೇ ತೆರೆಗೆ ಬಂದುವು.

ಅವರು ಬಿಟ್ಟುಹೋದ ಎಳೆಗಳನ್ನು ಬೇರೆಯವರು ಎತ್ತಿಕೊಂಡರು. ಅವರ ಕನಸಿನ ರಂಗಮಂದಿರ ಅರುಂಧತಿ ಅವರ ಪ್ರಯತ್ನದಿಂದ 2004ರಲ್ಲಿ ಬೆಂಗಳೂರಿನಲ್ಲಿ ‘ರಂಗಶಂಕರ’ವಾಗಿ ತೆರೆಯಿತು. 2006ರಲ್ಲಿ ಕವಿತಾ ಲಂಕೇಶರ ನಿರ್ದೇಶನದಲ್ಲಿ ಮಾಲ್ಗುಡಿಯ ಕಥೆಗಳು ಮತ್ತೆ ಮುಂದುವರಿದುವು. ತಾಳಗುಪ್ಪ ಮಾರ್ಗದ ಮೀಟರ್ ಗೇಜ್ ಹಳಿಗಳು ಹೋಗಿ ಬ್ರಾಡ್ ಗೇಜ್ ಬಂದಮೇಲೆ ಪಾಳುಬಿದ್ದಿದ್ದ ಅರಸಾಳಿನ ಹಳೆಯ ನಿಲ್ದಾಣವನ್ನು, ಧಾರಾವಾಹಿಯ ಕಲಾವಿಭಾಗದಲ್ಲಿ ದುಡಿದಿದ್ದ ಜಾನ್ ದೇವರಾಜ್ ಅವರ ಕೈಯಿಂದಲೇ ದುರಸ್ತಿಗೊಳಿಸಿ, 2020ರಲ್ಲಿ ರೈಲ್ವೆಯವರು ಮಾಲ್ಗುಡಿಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಧಾರಾವಾಹಿಯನ್ನು ನೆನೆಯುತ್ತ ಬರುವವರು ಈಗ ಅಲ್ಲಿ ಹುಡುಕುವುದು ಅರಸಾಳನ್ನಲ್ಲ, ಮಾಲ್ಗುಡಿಯನ್ನು. ಎಂದೂ ಇಲ್ಲದ ಊರೊಂದು ಶಿವಮೊಗ್ಗ ಜಿಲ್ಲೆಯಲ್ಲಿ ರೈಲುನಿಲ್ದಾಣವನ್ನು ಪಡೆದುಕೊಂಡಿದೆ. ಭೂಪಟಕ್ಕೆ ಇದು ತಪ್ಪು, ನೋಡಿದವರ ನೆನಪಿಗೆ ಇದೇ ಸರಿ.