ಕಾರು ಕಟ್ಟಲು ಹೊರಟಿದ್ದ ವಿಶ್ವೇಶ್ವರಯ್ಯ

ಸೆಪ್ಟೆಂಬರ್ 15 ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಬೀಳುತ್ತದೆ. ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆ, ಮೈಸೂರು ಬ್ಯಾಂಕು, ಭದ್ರಾವತಿ ಕಾರ್ಖಾನೆ ತಪ್ಪದೆ ಬರುತ್ತವೆ. ಆದರೆ ನಮ್ಮ ದೇಶದಲ್ಲೇ ಕಾರು ತಯಾರಾಗಬೇಕು ಎಂದು ಎಪ್ಪತ್ತು ದಾಟಿದ ಮೇಲೆ ಅವರು ದೇಶ ವಿದೇಶ ಅಲೆದ ಕಥೆಯನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಮೆಕ್ಯಾನಿಕಲ್ ಓದುತ್ತಿರುವ ನನಗೆ ಅವರ ಬದುಕಿನ ಆ ಭಾಗವೇ ಹೆಚ್ಚು ಇಷ್ಟ.

ಹಂಪಿ ಬಜಾರಿನ ಹತ್ತಿರ ಸಾಲಾಗಿ ನಿಲ್ಲುವ ಹೊಸ ಕಾರುಗಳ ನಡುವೆ ಒಮ್ಮೊಮ್ಮೆ ಒಂದು ಹಳೆಯ ಪ್ರೀಮಿಯರ್ ಪದ್ಮಿನಿಯೋ ಮಾರುತಿ 800 ಕಾರೋ ಕಾಣಿಸುತ್ತದೆ. ನಮಗಿಂತ ಹಿರಿಯ ಕಾರುಗಳು. ಅಷ್ಟು ವರ್ಷ ಓಡಿಯೂ ಎಂಜಿನ್ ಹೇಗೆ ಉಳಿಯಿತು ಎಂದು ಹುಡುಕುತ್ತ ಹೋದಾಗ ಪದ್ಮಿನಿಯ ಬೇರು ವಿಶ್ವೇಶ್ವರಯ್ಯನವರ ತನಕ ಹೋಗುತ್ತದೆಂದು ತಿಳಿಯಿತು.

ಅವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ಮಗ ಇನ್ನೂ ಹುಡುಗನಿರುವಾಗಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಅಲ್ಲಿ ಅವರ ಮೊದಲ ವರ್ಷಗಳ ಕೆಲಸವೆಲ್ಲ ರಸ್ತೆ, ಕಾಲುವೆ, ಕುಡಿಯುವ ನೀರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ನೀರು ತಂದರು. ದಖ್ಖನ್ನಿನ ಕಾಲುವೆಗಳ ನೀರು ಪೋಲಾಗದಂತೆ ಸರದಿಯ ಮೇಲೆ ಬಿಡುವ ಬ್ಲಾಕ್ ಪದ್ಧತಿ ರೂಪಿಸಿದರು. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ, ನೀರು ಒಂದು ಮಟ್ಟ ಮೀರಿದಾಗ ತಾವೇ ತೆರೆದುಕೊಳ್ಳುವ ಗೇಟುಗಳನ್ನು 1903ರಲ್ಲಿ ಅಳವಡಿಸಿ, ಅದಕ್ಕೆ ಪೇಟೆಂಟ್ ಪಡೆದರು. ಹೊಸ ಕಟ್ಟೆ ಕಟ್ಟದೆ, ಇದ್ದ ಕಟ್ಟೆಯಲ್ಲೇ ಹೆಚ್ಚು ನೀರು ನಿಲ್ಲಿಸಿದ ಕೆಲಸವಿದು. ಇರುವುದರಿಂದಲೇ ಹೆಚ್ಚು ಪಡೆಯುವುದು ಎಂದರೆ ನಮ್ಮ ಭಾಷೆಯಲ್ಲಿ ಮೈಲೇಜು.

ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ರಕ್ಷಣೆಯ ಯೋಜನೆ ಮಾಡಿಕೊಟ್ಟು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿಯ ಕೆಲಸ, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲ ಆ ಕಾಲದವು.

ಅವರು ದಿವಾನಗಿರಿ ಬಿಟ್ಟ ಕಾರಣವನ್ನು ಹಾರ ಹಾಕುವ ದಿನ ಯಾರೂ ಹೇಳುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ವಿಷಯಕ್ಕಾಗಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅರ್ಹತೆಯೊಂದೇ ಅಳತೆಯಾಗಬೇಕು ಎಂಬುದು ಅವರ ನಿಲುವು. ಮೀಸಲಾತಿಯಲ್ಲೇ ಸೀಟು ಪಡೆದ ನಾನು ಈ ವಿಷಯದಲ್ಲಿ ಮಹಾರಾಜರ ಕಡೆಗೆ ನಿಲ್ಲುತ್ತೇನೆ. ಆದರೂ ಒಪ್ಪದ ಮೇಲೆ ಕುರ್ಚಿಗೆ ಅಂಟಿಕೊಳ್ಳದೆ ಎದ್ದು ಹೋದದ್ದು ಸಣ್ಣ ಮಾತಲ್ಲ. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ, ಸ್ವಂತ ಕಾರಿನಲ್ಲಿ ವಾಪಸು ಬಂದರು ಎಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ.

ಮುಂದೆ 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು, ಕುಂಟುತ್ತಿದ್ದ ಅದನ್ನು ದಾರಿಗೆ ತಂದರು. ಅದಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಬೆಂಗಳೂರಿನಲ್ಲಿ ಕೈಕಸುಬು ಕಲಿಸುವ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಕೊಟ್ಟರು. ಹೆಸರಿಗೊಂದು ಸ್ಮಾರಕ ಕಟ್ಟಿಸದೆ ಫಿಟ್ಟರು, ಮೆಕ್ಯಾನಿಕ್ಕುಗಳನ್ನು ತಯಾರು ಮಾಡಲು ಹಣ ಕೊಟ್ಟರು ಎಂಬುದನ್ನು ಗಮನಿಸಬೇಕು.

ಕಾರಿನ ಕನಸು ಬಂದದ್ದು ಇದರ ನಂತರ. 1935ರಲ್ಲಿ ಯುರೋಪ್ ಮತ್ತು ಅಮೆರಿಕ ಸುತ್ತಿ, ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲಿ ಕಾರು ಕಾರ್ಖಾನೆ ತೆರೆಯುವ ಯೋಜನೆ ಬರೆದರು. ಸೊಲ್ಲಾಪುರದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಂದಿಗೆ ಕೈಜೋಡಿಸಿದರು. ಫೋರ್ಡ್ ಕಂಪನಿಯ ಜೊತೆಗಿನ ಮಾತುಕತೆ ಮುರಿದುಬಿತ್ತು. ಕ್ರೈಸ್ಲರ್ ಕಂಪನಿ ಒಪ್ಪಿತು. ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲೇ ಕಾರ್ಖಾನೆ ತೆರೆಯುವ ಮಾತೂ ನಡೆಯಿತು. ಆದರೆ ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ಅಡ್ಡ ಬಂತು. ಕೊನೆಗೆ 1944ರಲ್ಲಿ ವಾಲ್‌ಚಂದ್ ಅವರು ಬಾಂಬೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ವರ್ಷಗಳ ಓಡಾಟದ ಬಳಿಕ ಕಾರ್ಖಾನೆ ಬಂತು, ಆದರೆ ಬೆಂಗಳೂರಿಗೆ ಬರಲಿಲ್ಲ.

ಆ ಕಾರ್ಖಾನೆ ಮುಂದೆ ಇಟಲಿಯ ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡು ತಯಾರಿಸಿದ ಕಾರಿಗೇ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಬಾಂಬೆಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ಈ ಕಾರುಗಳು ಹಗಲು ರಾತ್ರಿ ಓಡಿದವು. ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಅದೂ ಎಂಜಿನ್ ಕೆಟ್ಟು ಅಲ್ಲ, ಟ್ಯಾಕ್ಸಿಗೆ ನಿಗದಿಯಾದ 20 ವರ್ಷದ ಮಿತಿ ಮುಗಿದು.

ಟ್ಯಾಕ್ಸಿಯ ಎಂಜಿನ್ ಅಷ್ಟು ಓಡಿಯೂ ಬಾಳುವುದಕ್ಕೆ ಸರಳ ಕಾರಣಗಳಿವೆ. ಕಾರು ನಿಂತಾಗ ಆಯಿಲ್ ಕೆಳಗಿಳಿದಿರುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಲೋಹಕ್ಕೆ ಲೋಹ ಉಜ್ಜಿ ಸವೆತ ಹೆಚ್ಚು. ದಿನವಿಡೀ ಬಿಸಿಯಾಗಿಯೇ ಓಡುವ ಟ್ಯಾಕ್ಸಿಗೆ ಇಂಥ ಕ್ಷಣಗಳು ಕಡಿಮೆ. ವಾರಕ್ಕೊಮ್ಮೆ ಎರಡು ಕಿಲೋಮೀಟರ್ ಓಡಿ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಆಯಿಲಿನಲ್ಲಿ ನೀರಿನಂಶ ಸೇರಿ ಅದು ಬೇಗ ಕೆಡುತ್ತದೆ. ಇನ್ನು ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಕಂಡ ನಮಗೆ ಏರ್ ಫಿಲ್ಟರಿನ ಮಹತ್ವ ಬೇರೆ ಹೇಳಬೇಕಿಲ್ಲ. ಆ ಧೂಳು ಸಿಲಿಂಡರಿಗೆ ಹೋದರೆ ಒಳಗೆ ಉಪ್ಪು ಕಾಗದ ತಿಕ್ಕಿದ ಹಾಗೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಫಿಲ್ಟರ್ ನೋಡಿ, ರೇಡಿಯೇಟರ್ ಗಮನಿಸಿ, ಟ್ಯಾಪೆಟ್ ಸೆಟ್ ಮಾಡಿಸುತ್ತಿದ್ದರೆ ಹಳೆಯ ಎಂಜಿನ್ ಕೈಕೊಡುವುದು ಅಪರೂಪ. ಸಿಲಿಂಡರ್ ಸವೆದರೂ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬಹುದು.

ಇಷ್ಟು ಹೇಳಿ ಪದ್ಮಿನಿಯನ್ನು ಬರೀ ಹೊಗಳಿದರೆ ಅದು ಅರ್ಧ ಸತ್ಯ. ಅದು ದಶಕಗಳ ಕಾಲ ಹೆಚ್ಚೇನೂ ಬದಲಾಗಲಿಲ್ಲ. ಲೈಸೆನ್ಸ್ ಕಾಲದಲ್ಲಿ ಪೈಪೋಟಿ ಇರಲಿಲ್ಲ, ಜನ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. 1983ರಲ್ಲಿ ಮಾರುತಿ 800 ಬಂದ ಮೇಲೆ ಪದ್ಮಿನಿ ಹಿಂದೆ ಬಿತ್ತು. ಬಾಳಿಕೆ ಬರುವುದು ಒಂದು ಗುಣ, ಕಲಿಯುತ್ತ ಹೋಗುವುದು ಇನ್ನೊಂದು. ಕಾರ್ಖಾನೆಗೆ ಇಲ್ಲದ ಆ ಎರಡನೇ ಗುಣ ವಿಶ್ವೇಶ್ವರಯ್ಯನವರಿಗಿತ್ತು.

ಅದಕ್ಕೆ ನಮ್ಮೂರಲ್ಲೇ ಸಾಕ್ಷಿಯಿದೆ. ತುಂಗಭದ್ರಾ ಅಣೆಕಟ್ಟೆಯ ವಿನ್ಯಾಸದ ಬಗ್ಗೆ ಮದ್ರಾಸ್ ಮತ್ತು ಹೈದರಾಬಾದ್ ಎಂಜಿನಿಯರುಗಳ ನಡುವೆ ಭಿನ್ನಾಭಿಪ್ರಾಯ ಬಂದಾಗ ಅದನ್ನು ಬಗೆಹರಿಸಿದ ತಜ್ಞರ ಮಂಡಳಿಗೆ ಅಧ್ಯಕ್ಷರಾಗಿದ್ದವರು ಅವರೇ. ಆಗ ವಯಸ್ಸು ಎಂಬತ್ತು ದಾಟಿತ್ತು. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮಾ ಬಳಿ ಗಂಗೆಗೆ ಸೇತುವೆ ಕಟ್ಟುವ ಜಾಗ ಪರಿಶೀಲಿಸಲು ಹೋದರು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ ನೂರು ವರ್ಷ ದಾಟಿ ತೀರಿಕೊಂಡರು.

ಅದೇ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ಕಣ್ಣೆದುರೇ ಹರಿದು ಹೋಗುವಾಗ ಹೊಸಪೇಟೆ, ಕಂಪ್ಲಿ ಕಡೆಯ ಭತ್ತದ ರೈತರು ಎರಡನೇ ಬೆಳೆಯ ಆಸೆ ಬಿಟ್ಟಿದ್ದರು. ಆಗ ನೆರವಿಗೆ ಬಂದವರು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು, ಎಂದೋ ನಿವೃತ್ತರಾಗಿದ್ದ ಹಿರಿಯರು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸಿದರು.

ಕ್ಯಾಂಪಸ್ ಇಂಟರ್‌ವ್ಯೂ ಮಾತು ಬಂದಾಗ ನಮ್ಮಲ್ಲಿ ಅನೇಕರಿಗೆ ಡಿಸೈನ್ ಬೇಕು, ಸಾಫ್ಟ್‌ವೇರ್ ಬೇಕು. ಮೇಂಟೆನೆನ್ಸ್ ಕೆಲಸ ಎಂದರೆ ಮುಖ ಸಿಂಡರಿಸುತ್ತೇವೆ. ಅದು ಗ್ರೀಸು ಮೆತ್ತಿಕೊಳ್ಳುವ ಕೆಲಸ, ಹೆಸರು ಬರದ ಕೆಲಸ ಎಂಬ ಭಾವನೆ. ಕಟ್ಟಿದವರ ಹೆಸರು ಕಲ್ಲಿನ ಮೇಲಿರುತ್ತದೆ, ಚೈನಿಗೆ ಹೊತ್ತಿಗೆ ಸರಿಯಾಗಿ ಗ್ರೀಸು ಹಚ್ಚಿದವನ ಹೆಸರು ಎಲ್ಲೂ ಇರುವುದಿಲ್ಲ, ನಿಜ. ಆದರೆ ಈ ದೇಶದಲ್ಲಿ ಈಗಾಗಲೇ ಕಟ್ಟಿರುವ ಡ್ಯಾಮು, ಸೇತುವೆ, ಕಾರ್ಖಾನೆಗಳಿಗೆಲ್ಲ ವಯಸ್ಸಾಗುತ್ತಿದೆ. ಅವುಗಳನ್ನು ಇನ್ನೂ ಐವತ್ತು ವರ್ಷ ನಡೆಸಲು ಬಲ್ಲವರು ಬೇಕು. ನನಗೆ ಅಂಥ ಕೆಲಸ ಸಿಕ್ಕರೆ ಸಂತೋಷದಿಂದಲೇ ಸೇರುತ್ತೇನೆ.